ಮೊದಲ ಮನೆ ಮಾರಬೇಕೋ, ಬಾಡಿಗೆಗೆ ಕೊಡಬೇಕೋ? ದಾವಣಗೆರೆಯವರಿಗೊಂದು ಲೆಕ್ಕ

2012ರ ದೀಪಾವಳಿ ಹೊತ್ತಿಗೆ ನಾವು ದಾವಣಗೆರೆಯ ನಿಟುವಳ್ಳಿಯಲ್ಲಿ ಮೊದಲ ಮನೆ ಕೊಂಡೆವು. ಎರಡು ಕೋಣೆ, ಮುಂದೆ ಸಂಪು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. 22 ಲಕ್ಷ ಬಿತ್ತು. ಐದು ವರ್ಷಕ್ಕೆ ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅಲ್ಲೇ ಸಾಲ ಮಾಡಿ ಇನ್ನೊಂದು ಮನೆ ತಗೊಂಡೆವು. "ಹಳೇ ಮನೆ ಇರಲಿ ಬಿಡಿ, ಬಾಡಿಗೆ ಬರುತ್ತೆ" ಎಂದರು ಎಲ್ಲರೂ. ನಮಗೂ ಹಾಗೇ ಅನ್ನಿಸಿತು. ಕೂತು ಲೆಕ್ಕ ಹಾಕಲೇ ಇಲ್ಲ. ನಾಲ್ಕು ವರ್ಷ ಬಾಡಿಗೆಗೆ ಕೊಟ್ಟು 2021ರಲ್ಲಿ 48 ಲಕ್ಷಕ್ಕೆ ಮಾರಿದಾಗ ಎರಡೂವರೆ ಲಕ್ಷಕ್ಕೂ ಮೇಲೆ ತೆರಿಗೆ ಕಟ್ಟಿದೆವು. ಮೂರು ವರ್ಷ ಮೊದಲೇ ಮಾರಿದ್ದರೆ ಅದರಲ್ಲಿ ಒಂದು ರೂಪಾಯಿಯೂ ಕಟ್ಟಬೇಕಿರಲಿಲ್ಲ.

ಅದೇ ಊರಿನ ವಿದ್ಯಾನಗರದಲ್ಲಿರುವ ನಮ್ಮ ಅಕ್ಕ ತನ್ನ ಹಳೇ ಮನೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದಾಳೆ, ಬಾಡಿಗೆ ತಿಂಗಳು ತಪ್ಪಿಲ್ಲ. ಅವಳು ಮಾಡಿದ್ದು ಸರಿ. ಅವಳಿಗೆ ಸರಿಯಾದದ್ದು ನಮಗೆ ಯಾಕೆ ತಪ್ಪಾಯಿತು ಅನ್ನುವುದು ನನಗೆ ಅರ್ಥವಾಗುವಾಗ ತಡವಾಗಿತ್ತು. ಈಗ ಇದೇ ಗೊಂದಲದಲ್ಲಿ ಇರುವವರು ನಮ್ಮ ಹಾಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಬೀರುವಿನಿಂದ ಕಾಗದ ತೆಗೆಯಿರಿ

ಗಿರಾಕಿ ಬಂದ ಮೇಲೆ ಕಾಗದ ಹುಡುಕುವವರೇ ಹೆಚ್ಚು. ಮೊದಲೇ ನೋಡಿದರೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಈಗ ಇ-ಆಸ್ತಿ ಖಾತೆ ಇಲ್ಲದೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗುವುದಿಲ್ಲ. ನಿಮ್ಮದು ಇನ್ನೂ ಕೈಬರಹದ ಖಾತೆಯಾಗಿದ್ದರೆ ಮಹಾನಗರ ಪಾಲಿಕೆಯಲ್ಲಿ ಇ-ಖಾತೆ ಮಾಡಿಸುವುದೇ ಮೊದಲ ಕೆಲಸ. ಅದರಲ್ಲಿರುವ ಹೆಸರು, ಅಳತೆ, ಚೆಕ್ಕುಬಂದಿ ಎಲ್ಲವೂ ಕ್ರಯಪತ್ರದಲ್ಲಿ ಇರುವ ಹಾಗೇ ಇವೆಯೇ ಎಂದು ತಾಳೆ ನೋಡಿ. ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿ. ಎಂದೋ ತೀರಿಸಿದ ಸಾಲದ ಅಡಮಾನ ಅದರಲ್ಲಿ ಇನ್ನೂ ಕಾಣುತ್ತಿದ್ದರೆ ಬ್ಯಾಂಕಿಗೆ ಹೋಗಿ ಬಿಡಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಕಾಗದ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಜಾರಿಯಲ್ಲಿದೆ. ಕೇಳಲು ಸಂಕೋಚ ಬೇಡ.

ಸೈಟು ನಗರಾಭಿವೃದ್ಧಿ ಪ್ರಾಧಿಕಾರದಿಂದ (ದೂಡಾ) ಹಂಚಿಕೆಯಾಗಿದ್ದರೆ ಗುತ್ತಿಗೆ ಅವಧಿ ಮುಗಿದು ಪೂರ್ತಿ ಕ್ರಯಪತ್ರ ನಿಮ್ಮ ಹೆಸರಿಗೆ ಆಗಿದೆಯೇ ನೋಡಿ. ಅಪ್ಪನಿಂದ ಬಂದ ಜಾಗದಲ್ಲಿ ಕಟ್ಟಿದ ಮನೆಯಾದರೆ ಅಕ್ಕತಂಗಿಯರನ್ನು ಕೂಡಿಸಿಕೊಂಡು ಈಗಲೇ ಮಾತಾಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಅವರ ಸಹಿ ಇಲ್ಲದೆ ಕೊಳ್ಳುವವರ ಬ್ಯಾಂಕು ಸಾಲ ಕೊಡುವುದಿಲ್ಲ.

ರೆವಿನ್ಯೂ ಸೈಟಿನಲ್ಲಿ, ಅಂದರೆ ಕೃಷಿ ಜಮೀನಿನಿಂದ ಪರಿವರ್ತನೆ (ಅಲಿನೇಷನ್) ಆಗದ ಜಾಗದಲ್ಲಿ ಕಟ್ಟಿದ ಮನೆಗಳ ಬಗ್ಗೆ ನನ್ನ ಮಾತು ಇಷ್ಟೇ: ಅವಸರಕ್ಕೆ ಮಾರಬೇಡಿ. ಕೊಳ್ಳುವವರಿಗೆ ಸಾಲ ಸಿಗದಿದ್ದರೆ ಕೈಯಲ್ಲಿ ರೊಕ್ಕ ಇದ್ದವರು ಮಾತ್ರ ಬರುತ್ತಾರೆ, ಅವರು ಕೇಳುವ ಬೆಲೆ ಕರುಳು ಹಿಂಡುತ್ತದೆ. ಬಾಡಿಗೆಗೆ ಕೊಟ್ಟು ಆ ಹೊತ್ತಿನಲ್ಲಿ ಕಾಗದ ಸರಿಮಾಡಿಸಿಕೊಳ್ಳಿ.

ಹೆಜ್ಜೆ 2: ನಿಜವಾದ ಬೆಲೆ, ನಿಜವಾದ ಬಾಡಿಗೆ ತಿಳಿಯಿರಿ

"ಪಕ್ಕದ ಓಣಿಯಲ್ಲಿ ಎಂಬತ್ತಕ್ಕೆ ಹೋಯ್ತಂತೆ" ಎಂಬ ಮಾತು ನಂಬಬೇಡಿ. ಎಂಬತ್ತು ಕೇಳಿದ್ದಿರಬಹುದು, ಹೋದದ್ದು ಅರವತ್ತೈದಕ್ಕೆ ಇರಬಹುದು. ಒಂದು ವರ್ಷದೊಳಗೆ ನಿಜವಾಗಿ ಮಾರಿದವರೊಬ್ಬರನ್ನು ಹುಡುಕಿ ಕೇಳಿ. ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಡುವ ಎಂಜಿನಿಯರ್ ಒಬ್ಬರಿಗೆ ಫೀ ಕೊಟ್ಟು ಬರೆಸಿಕೊಳ್ಳಿ. ಅವರು ಸೈಟಿಗೆ ಎಷ್ಟು, ಕಟ್ಟಡಕ್ಕೆ ಎಷ್ಟು ಎಂದು ಬೇರೆ ಬೇರೆ ಹೇಳುತ್ತಾರೆ. ಈ ಬೇರ್ಪಾಟು ಮುಖ್ಯ. ಬೆಲೆ ಏರುವುದು ಮಣ್ಣಿಗೆ, ಗೋಡೆಗೆ ವರ್ಷವರ್ಷವೂ ಇಳಿಕೆಯೇ.

ಬಾಡಿಗೆ ತಿಳಿಯಲು ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಬಡಾವಣೆಯಲ್ಲಿ ನಡೆದಾಡಿ. ಗೇಟಿಗೆ ಟು-ಲೆಟ್ ಬೋರ್ಡ್ ಇದ್ದ ಕಡೆಯೆಲ್ಲ ಫೋನ್ ಮಾಡಿ, ಬಾಡಿಗೆಗೆ ಬೇಕಿರುವವರಂತೆ ಕೇಳಿ. ಒಂದು ತಿಂಗಳು ಬಿಟ್ಟು ಅದೇ ದಾರಿಯಲ್ಲಿ ಮತ್ತೆ ಹೋಗಿ. ಅವೇ ಬೋರ್ಡುಗಳು ಇನ್ನೂ ನೇತಾಡುತ್ತಿದ್ದರೆ ಅಲ್ಲಿ ಕೇಳುವವರಿಲ್ಲ ಎಂದು ಅರ್ಥ.

ನಮ್ಮೂರಿನಲ್ಲಿ ಬಾಡಿಗೆ ನಿಂತಿರುವುದು ಕಾಲೇಜು ಮತ್ತು ಆಸ್ಪತ್ರೆಗಳ ಮೇಲೆ. ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಬಾಪೂಜಿ ಆಸ್ಪತ್ರೆ, ಬಿ.ಐ.ಇ.ಟಿ., ಯು.ಬಿ.ಡಿ.ಟಿ., ಇವುಗಳಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮನೆ ಖಾಲಿ ಬೀಳುವುದು ಕಡಿಮೆ. ಪಿ.ಬಿ. ರಸ್ತೆ ದಾಟಿ ಬೈಪಾಸಿನ ಆಚೆ ಹೊಸದಾಗಿ ಎದ್ದ ಬಡಾವಣೆಗಳಲ್ಲಿ ಮನೆ ಚೆನ್ನಾಗಿರುತ್ತದೆ, ಬಾಡಿಗೆಗೆ ಬರುವವರಿಗೆ ಕಾಯಬೇಕಾಗುತ್ತದೆ.

ಇನ್ನೊಂದು, ನೀರು. ಬಂದವರು ಹಾಲ್ ಎಷ್ಟು ದೊಡ್ಡದು ಎಂದು ನೋಡುವ ಮೊದಲು ಸಂಪಿನ ಮುಚ್ಚಳ ಎತ್ತಿಸಿ ನೋಡುತ್ತಾರೆ. ನಿಟುವಳ್ಳಿ ಮನೆಯಲ್ಲಿ ಸಂಪಿನ ಪಕ್ಕದ ಗೋಡೆಯ ಮೇಲೆ ನಾನು ನಲ್ಲಿ ನೀರು ಬಂದ ದಿನಗಳನ್ನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ, ಪ್ರತಿ ಸಲ ಒಂದು ಅಡ್ಡಗೆರೆ, ಕೆಳಗೆ ತಾರೀಖು. ಬಾಡಿಗೆಗೆ ಬಂದವರು ಮನೆಯೊಳಗೆ ಕಾಲಿಡುವ ಮೊದಲೇ ಆ ಗೋಡೆಯ ಮುಂದೆ ನಿಂತು ಎಷ್ಟು ದಿನಕ್ಕೊಮ್ಮೆ ಎಂದು ಬೆರಳಲ್ಲಿ ಎಣಿಸಿದರು. ಬೋರ್ ಇದ್ದ ಮನೆಗೂ ಇಲ್ಲದ ಮನೆಗೂ ಬಾಡಿಗೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಹೆಜ್ಜೆ 3: ಕೈಗೆ ಉಳಿಯುವುದೆಷ್ಟು?

ಇಲ್ಲಿ ನಿಧಾನವಾಗಿ ಕೂರಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಹಳೇ ಮನೆಗೆ ಇವತ್ತು 60 ಲಕ್ಷ ಬರುತ್ತದೆ. ಬಾಡಿಗೆ ತಿಂಗಳಿಗೆ 13,000. ಹೊಸ ಮನೆಗೆ ಇನ್ನೂ 40 ಲಕ್ಷ ಸಾಲ ಇದೆ, ಬಡ್ಡಿ ಶೇ. 8.5.

ವರ್ಷದ ಬಾಡಿಗೆ 1,56,000. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಹೋಯಿತೆನ್ನಿ, 13,000 ಕಳೆಯಿರಿ. ಮನೆಗಂದಾಯ 5,000. ಸುಣ್ಣಬಣ್ಣ, ಮೋಟರ್, ಪ್ಲಂಬರ್ ಎಲ್ಲ ಸೇರಿ ಸರಾಸರಿ 20,000. ಉಳಿದದ್ದು 1,18,000. 60 ಲಕ್ಷದ ಆಸ್ತಿಗೆ ಇದು ಶೇ. 2 ಕೂಡ ಮುಟ್ಟುವುದಿಲ್ಲ.

ಈಗ ಮಾರಿದರೆ ಏನು? (ಮಾರಾಟದ ಲಾಭಕ್ಕೆ ಬೀಳಬಹುದಾದ ತೆರಿಗೆಯನ್ನು ಹೆಜ್ಜೆ 4ರಲ್ಲಿ ನೋಡೋಣ.) 40 ಲಕ್ಷ ಸಾಲ ತೀರುತ್ತದೆ, ಈ ವರ್ಷವೇ ಸುಮಾರು 3,40,000 ಬಡ್ಡಿ ಉಳಿಯುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಮಿಕ್ಕ 20 ಲಕ್ಷವನ್ನು ಶೇ. 6.5ರಂತೆ ಠೇವಣಿ ಇಟ್ಟರೆ 1,30,000. ಎರಡೂ ಸೇರಿ 4,70,000. ಬಾಡಿಗೆಯಿಂದ ಬರುತ್ತಿದ್ದ 1,18,000 ಕಳೆದರೂ 3,52,000ದ ಅಂತರ. ಅಂದರೆ ಆ ಮನೆ ವರ್ಷ ವರ್ಷ ಸುಮಾರು ಶೇ. 6ರಷ್ಟು ಬೆಲೆ ಏರುತ್ತಾ ಹೋದರೆ ಮಾತ್ರ ಇಟ್ಟುಕೊಂಡದ್ದಕ್ಕೂ ಮಾರಿದ್ದಕ್ಕೂ ಸಮ.

ಏರಬಹುದು. ರಸ್ತೆ ಅಗಲವಾಗುವ ಕಡೆ, ಸೈಟು ಸಿಗದ ಎಂ.ಸಿ.ಸಿ. ಬಡಾವಣೆಯಂಥ ಕಡೆ ಅದಕ್ಕಿಂತ ಹೆಚ್ಚೂ ಏರಬಹುದು. ಆದರೆ ತಿಂಗಳ ಕಂತು ಕಟ್ಟಲು ಚೀಟಿ ಎತ್ತುವ ಪರಿಸ್ಥಿತಿ ಇದ್ದರೆ ಮುಂದೆಂದೋ ಬರುವ ಬೆಲೆ ಈ ತಿಂಗಳ ಅಕ್ಕಿಬೇಳೆಗೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ. ಬಾಡಿಗೆ ಬರುತ್ತಿದೆ ಅನ್ನುವ ಸಮಾಧಾನದಲ್ಲಿ, ಅದರ ಮೂರರಷ್ಟು ಬಡ್ಡಿ ಆ ಕಡೆಯಿಂದ ಹೋಗುತ್ತಿದ್ದದ್ದು ಕಣ್ಣಿಗೇ ಬೀಳಲಿಲ್ಲ.

ಅಕ್ಕನಿಗೆ ಹೊಸ ಮನೆಯ ಮೇಲೆ ಸಾಲವೇ ಇರಲಿಲ್ಲ. ನಮಗೂ ಅವಳಿಗೂ ಇದ್ದ ದೊಡ್ಡ ವ್ಯತ್ಯಾಸ ಅದು. ನಿಮ್ಮ ಅಂಕಿಗಳನ್ನು ಇದೇ ರೀತಿ ಒಂದು ಹಾಳೆಯಲ್ಲಿ ಬರೆಯಿರಿ, ಗಂಡಹೆಂಡತಿ ಇಬ್ಬರೂ ಕೂತು.

ಬಾಡಿಗೆಯ ಮೇಲಿನ ತೆರಿಗೆಯ ಬಗ್ಗೆ ಎರಡು ಮಾತು. ಕಟ್ಟಿದ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಇತ್ಯಾದಿಗೆಂದು, ನೀವು ಖರ್ಚು ಮಾಡಿರಲಿ ಬಿಡಲಿ, ಬಿಟ್ಟುಕೊಡುತ್ತಾರೆ. ಹಳೇ ಮನೆಯ ಮೇಲೇ ಸಾಲ ಇದ್ದರೆ ಅದರ ಬಡ್ಡಿಯನ್ನೂ ಬಾಡಿಗೆಯಿಂದ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಮಾತ್ರ, ಬಡ್ಡಿ ಬಾಡಿಗೆಗಿಂತ ಹೆಚ್ಚಾದರೆ ಆ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

ಹೆಜ್ಜೆ 4: ಆ ಒಂದು ವರ್ಷ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆ ಮಾರಿ ಬಂದ ಲಾಭ ದೀರ್ಘಾವಧಿ ಬಂಡವಾಳ ಲಾಭ. ಹಳೇ ಮನೆ ಮಾರುವ ದಿನಕ್ಕೆ ಹಿಂದಿನ ಒಂದು ವರ್ಷದೊಳಗೆ ನೀವು ಹೊಸ ಮನೆ ಕೊಂಡಿದ್ದರೆ, ಆ ಲಾಭದಷ್ಟು ಹಣ ಹೊಸ ಮನೆಗೆ ಬಿದ್ದಿದ್ದರೆ, ಲಾಭಕ್ಕೆ ತೆರಿಗೆಯೇ ಇಲ್ಲ. ಮೊದಲು ಮಾರಿ ಆಮೇಲೆ ಕೊಳ್ಳುವುದಾದರೆ ಎರಡು ವರ್ಷ, ಕಟ್ಟಿಸುವುದಾದರೆ ಮೂರು ವರ್ಷ ಸಮಯ ಇದೆ. ಆ ಹೊಸ ಮನೆಯನ್ನು ಮೂರು ವರ್ಷ ಮಾರಬಾರದು.

ಹಾಗಾಗಿ "ಎರಡು ವರ್ಷ ಬಾಡಿಗೆಗೆ ಕೊಟ್ಟು ನೋಡೋಣ, ಆಗದಿದ್ದರೆ ಮಾರೋಣ" ಎನ್ನುವುದು ಹೊಸ ಮನೆ ಕೊಂಡಾಗಿರುವವರಿಗೆ ದುಬಾರಿ ಮಾತು. ಒಂದು ವರ್ಷ ದಾಟಿದ ದಿನ ಆ ವಿನಾಯಿತಿ ಕೈತಪ್ಪುತ್ತದೆ. ನಮ್ಮ ಎರಡೂವರೆ ಲಕ್ಷ ಹೋದದ್ದು ಇಲ್ಲಿಯೇ. ಹೊಸ ಮನೆಯ ನೋಂದಣಿ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಅಲ್ಲಿಂದ ಎಂಟು ತಿಂಗಳೊಳಗೆ ತೀರ್ಮಾನ ಮಾಡಿ. ಗಿರಾಕಿ ಸಿಕ್ಕು, ಅವರ ಸಾಲ ಮಂಜೂರಾಗಿ, ನೋಂದಣಿ ಆಗುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು.

ವಿನಾಯಿತಿ ಸಿಗದವರಿಗೆ ಲೆಕ್ಕ ಹೀಗೆ. 2024ರ ಜುಲೈ 23 ಮತ್ತು ಆ ನಂತರದ ಮಾರಾಟಕ್ಕೆ ಲಾಭದ ಶೇ. 12.5. ಆ ದಿನಕ್ಕಿಂತ ಮೊದಲು ಕೊಂಡ ಮನೆಯಾದರೆ, ಕೊಂಡ ಬೆಲೆಯನ್ನು ಹಣದುಬ್ಬರ ಸೂಚ್ಯಂಕದಿಂದ ಏರಿಸಿ, ಉಳಿದ ಲಾಭಕ್ಕೆ ಶೇ. 20 ಎಂಬ ಹಳೇ ದಾರಿಯೂ ಇದೆ. ಎರಡರಲ್ಲಿ ಕಡಿಮೆ ಬಂದದ್ದನ್ನು ಕಟ್ಟಿದರಾಯಿತು. 2012-13ರಲ್ಲಿ 22 ಲಕ್ಷಕ್ಕೆ ಕೊಂಡು 2025-26ರಲ್ಲಿ 60 ಲಕ್ಷಕ್ಕೆ ಮಾರಿದರೆಂದುಕೊಳ್ಳಿ. ಮೊದಲ ದಾರಿಯಲ್ಲಿ ಲಾಭ 38 ಲಕ್ಷ, ತೆರಿಗೆ 4,75,000. ಎರಡನೆಯದರಲ್ಲಿ ಸೂಚ್ಯಂಕ 200ರಿಂದ 376ಕ್ಕೆ ಏರಿರುವುದರಿಂದ 22 ಲಕ್ಷ 41,36,000 ಆಗುತ್ತದೆ, ಲಾಭ 18,64,000, ತೆರಿಗೆ 3,72,800. ಒಂದು ಲಕ್ಷಕ್ಕೂ ಮೇಲೆ ವ್ಯತ್ಯಾಸ. ಎರಡಕ್ಕೂ ಶೇ. 4ರ ಸೆಸ್ ಸೇರುತ್ತದೆ. ಎರಡನ್ನೂ ಹಾಕಿ ತೋರಿಸಿ ಎಂದು ನಿಮ್ಮ ಆಡಿಟರ್ ಹತ್ತಿರ ಕೇಳಿ.

"12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ" ಎನ್ನುವವರಿದ್ದಾರೆ. ಆ ರಿಯಾಯಿತಿ ಮನೆ ಮಾರಿದ ಈ ಲಾಭಕ್ಕೆ ಅನ್ವಯಿಸುವುದಿಲ್ಲ. ಹೊಸ ಮನೆ ಬೇಡ ಎನ್ನುವವರು ಮಾರಿದ ಆರು ತಿಂಗಳೊಳಗೆ ಆರ್‌.ಇ.ಸಿ., ಪಿ.ಎಫ್‌.ಸಿ.ಯಂಥ ಸಂಸ್ಥೆಗಳ ಬಾಂಡಿನಲ್ಲಿ 50 ಲಕ್ಷದವರೆಗೆ ಲಾಭವನ್ನು ಐದು ವರ್ಷಕ್ಕೆ ಇಟ್ಟರೂ ತೆರಿಗೆ ತಪ್ಪುತ್ತದೆ. ಮನೆ ಕೊಳ್ಳಲಿದ್ದೇವೆ, ಇನ್ನೂ ಸಿಕ್ಕಿಲ್ಲ ಎನ್ನುವವರು ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಬ್ಯಾಂಕಿನಲ್ಲಿ ಬಂಡವಾಳ ಲಾಭ ಖಾತೆ ತೆರೆದು ಹಣ ಅಲ್ಲಿಡಬೇಕು. ಮಾಮೂಲಿ ಉಳಿತಾಯ ಖಾತೆಯಲ್ಲಿ ಇಟ್ಟರೆ ಲೆಕ್ಕಕ್ಕಿಲ್ಲ.

ಹೆಜ್ಜೆ 5: ನೋಡಿಕೊಳ್ಳುವವರು ಯಾರು?

ನಾವು ಮನೆ ಬಾಡಿಗೆಗೆ ಕೊಡುವಾಗ ಅಕ್ಕ ಹೇಳಿದ್ದಳು: "ಬಾಡಿಗೆ ಮನೆ ಅಂದ್ರೆ ಕೋರಿಗೆ ಕೊಟ್ಟ ಹೊಲ ಇದ್ದಂಗೆ ಕಣೇ. ಬದುವಿನ ಮ್ಯಾಲೆ ಒಬ್ರು ಓಡಾಡ್ತಾ ಇರ್ಬೇಕು."

ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ವಾರಕ್ಕೊಮ್ಮೆ ಹೋಗಬಹುದು ಅಂದುಕೊಂಡಿದ್ದೆವು, ಹೋದದ್ದು ಹಬ್ಬಕ್ಕೆ. ಮೂರನೇ ವರ್ಷ ಮೇಲಿನ ಟ್ಯಾಂಕಿನ ವಾಲ್ವ್ ಕೆಟ್ಟು ನೀರು ತುಂಬಿ ಹರಿದು, ಬಚ್ಚಲಮನೆ ಗೋಡೆಯ ಮೇಲೆ ತಿಂಗಳುಗಟ್ಟಲೆ ಇಳಿದಿದೆ. ಬಾಡಿಗೆಯವರು ನಮಗೆ ತಿಳಿದಿರಬಹುದು ಎಂದುಕೊಂಡರು. ನಾನು ಹೋಗಿ ಮುಟ್ಟಿದರೆ ಗೋಡೆ ಹೊಟ್ಟೆ ಬಂದಿತ್ತು, ಒತ್ತಿದರೆ ಗಾರೆ ಒದ್ದೆ ಹಿಟ್ಟಿನ ಹಾಗೆ ಬೆರಳಿಗಂಟಿತು. ಸಜ್ಜೆಯ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಬಿರುಕು ಬಿಟ್ಟಿತ್ತು. ಮುನ್ನೂರು ರೂಪಾಯಿಯ ವಾಲ್ವ್, ರಿಪೇರಿಗೆ 38,000. ಅವರ ತಪ್ಪೆಂದು ನಾನು ಹೇಳಲಾರೆ. ಬದುವಿನ ಮೇಲೆ ಯಾರೂ ಇರಲಿಲ್ಲ.

ಅದೇ ಊರಲ್ಲಿ ಇರುತ್ತೀರಿ, ಅಥವಾ ತಮ್ಮನೋ ಮಾವನೋ ಪಕ್ಕದ ಓಣಿಯಲ್ಲಿದ್ದು ಮನಸ್ಸಿಟ್ಟು ನೋಡುತ್ತಾರೆ ಎಂದಾದರೆ ಬಾಡಿಗೆ ಸರಿ. ಬೆಂಗಳೂರಿಗೋ ಬೇರೆ ದೇಶಕ್ಕೋ ಹೋಗುವವರು, ನೋಡುವವರು ಯಾರೂ ಇಲ್ಲದವರು, ಸಾಲವೂ ಇರುವವರು ಮಾರುವುದು ಒಳ್ಳೆಯದು. ಇದು ನನ್ನ ಖಚಿತ ಅಭಿಪ್ರಾಯ. ಐದಾರು ವರ್ಷದಲ್ಲಿ ವಾಪಸ್ ಬಂದು ಅದೇ ಮನೆಯಲ್ಲಿ ಇರುವುದು ನಿಶ್ಚಯವಿದ್ದರೆ ಮಾತು ಬೇರೆ, ಆಗ ಲೆಕ್ಕ ಸ್ವಲ್ಪ ಹಿಂದೆ ಬಿದ್ದರೂ ಇಟ್ಟುಕೊಳ್ಳಿ.

ಲೀಸಿಗೆ ಹಾಕುವ ದಾರಿ

ತಿಂಗಳ ಬಾಡಿಗೆ ಇಲ್ಲ, ಒಂದೇ ಸಲ ಏಳೆಂಟು ಲಕ್ಷ ಇಸಿದುಕೊಂಡು ಎರಡು ಮೂರು ವರ್ಷ ಮನೆ ಬಿಟ್ಟುಕೊಡುವುದು. ಹಿರಿಯರು ಭೋಗ್ಯ ಎನ್ನುತ್ತಿದ್ದರು. ಆ ದುಡ್ಡು ಸೀದಾ ಹೊಸ ಮನೆಯ ಸಾಲಕ್ಕೆ ಹೋದರೆ ಬಾಡಿಗೆಯಷ್ಟೇ ಬಡ್ಡಿ ಉಳಿಯಬಹುದು. ಮಗಳ ಮದುವೆಗೋ ಕಾರಿಗೋ ಹೋದರೆ ಅದು ಸಾಲವೇ, ಅವಧಿ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕು. ಮುಂದಿನ ಲೀಸಿನವರ ದುಡ್ಡಿನಲ್ಲಿ ಹಿಂದಿನವರಿಗೆ ಕೊಡುತ್ತೇನೆ ಎನ್ನುವವರು, ಮುಂದಿನವರು ಸಿಗದ ತಿಂಗಳು ಏನು ಮಾಡುತ್ತೀರಿ ಎಂದು ಈಗಲೇ ಯೋಚಿಸಿ. ಒಂದು ವರ್ಷ ಮೀರುವ ಕರಾರನ್ನು ನೋಂದಣಿ ಮಾಡಿಸಲೇಬೇಕು. ಮನೆ ಬ್ಯಾಂಕಿನಲ್ಲಿ ಅಡಮಾನ ಇದ್ದರೆ ಬ್ಯಾಂಕನ್ನು ಕೇಳದೆ ಲೀಸಿಗೆ ಹಾಕಬೇಡಿ.

ಬಾಡಿಗೆ ಎಂದು ತೀರ್ಮಾನವಾದರೆ

11 ತಿಂಗಳ ಕರಾರು ಬರೆಸಿ, ನೆಂಟರ ಪೈಕಿಯವರೇ ಆದರೂ. ಬಾಡಿಗೆ ಬ್ಯಾಂಕ್ ಖಾತೆಗೆ ಬರಲಿ. ವರ್ಷಕ್ಕೆ ಎಷ್ಟು ಏರಿಕೆ, ಬಿಡುವಾಗ ಎಷ್ಟು ತಿಂಗಳು ಮುಂಚೆ ಹೇಳಬೇಕು, ಸುಣ್ಣಬಣ್ಣದ ಖರ್ಚು ಯಾರದು ಎಂಬುದೆಲ್ಲ ಬರಹದಲ್ಲಿರಲಿ. ಒಳಗೆ ಬರುವ ದಿನ ಪ್ರತಿ ಗೋಡೆ, ನಲ್ಲಿ, ಸ್ವಿಚ್ಚಿನ ವಿಡಿಯೋ ಮಾಡಿ ಅವರಿಗೂ ಕಳಿಸಿ. ಗೃಹಜ್ಯೋತಿಗೆ ಬಾಡಿಗೆಯವರೂ ಅರ್ಹರು, ಅದಕ್ಕೆ ಅವರು ಕರಾರಿನ ಪ್ರತಿ, ಬೆಸ್ಕಾಂ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಕೇಳಿದರೆ ಕೊಡಿ. ಅದರಿಂದ ನಿಮ್ಮ ಹಕ್ಕಿಗೆ ಧಕ್ಕೆಯಿಲ್ಲ. ಮನೆಗಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ. ಮೂರು ತಿಂಗಳಿಗೊಮ್ಮೆ, ಮುಂಚೆ ಫೋನ್ ಮಾಡಿ, ಹೋಗಿ ಟ್ಯಾಂಕ್ ಹತ್ತಿ ನೋಡಿ.

ಮಾರುವುದು ಎಂದು ತೀರ್ಮಾನವಾದರೆ

ಸರ್ಕಾರದ ಮಾರ್ಗಸೂಚಿ ದರಕ್ಕೆ ಕ್ರಯಪತ್ರ, ಮಿಕ್ಕದ್ದು ನಗದು ಎನ್ನುವವರು ಬರುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ ಮೇಲೆ ಈ ಒತ್ತಾಯ ಇನ್ನೂ ಹೆಚ್ಚು. ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ತಗೊಂಡಷ್ಟೇ ಮೊತ್ತ ದಂಡವಾಗಿ ಬೀಳಬಹುದು, ಬೀಳುವುದು ಮಾರಿದವರ ಮೇಲೆ. ಆ ನಗದನ್ನು ಹೊಸ ಮನೆಗೆ ಹಾಕಿದೆ ಎಂದು ತೋರಿಸಲೂ ಆಗುವುದಿಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ, ಅದರ ಸರ್ಟಿಫಿಕೇಟ್ ಇಸಿದುಕೊಳ್ಳಿ. ಕ್ರಯ ಕರಾರಿನಲ್ಲಿ ಅಡ್ವಾನ್ಸ್ ಎಷ್ಟು, ಎಷ್ಟು ತಿಂಗಳೊಳಗೆ ನೋಂದಣಿ ಎನ್ನುವುದು ಸ್ಪಷ್ಟವಾಗಿರಲಿ. ಪೂರ್ತಿ ಹಣ ಖಾತೆಗೆ ಬಂದ ಮೇಲೆಯೇ ಬೀಗದ ಕೈ.

ಬಿಟ್ಟುಕೊಡುವ ದಿನ ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕಂದಾಯದ ರಸೀದಿ ಒಂದೇ ಕವರಿನಲ್ಲಿ ಹಾಕಿ ಕೊಡಿ. ಮೀಟರ್ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ನಾವು ಕೀ ಕೊಡಲು ಹೋದ ದಿನ ಕೊಂಡವರ ತಾಯಿ ಮೊದಲು ಕೇಳಿದ್ದು, "ಇಲ್ಲಿ ನೀರು ಯಾವಾಗ ಬಿಡ್ತಾರವ್ವಾ?" ಎಂದು. ಸಂಪಿನ ಪಕ್ಕದ ಗೋಡೆ ತೋರಿಸಿದೆ. ನನ್ನ ಗೆರೆಗಳ ಕೆಳಗೆ ಬಾಡಿಗೆಯವರೂ ನಾಲ್ಕು ವರ್ಷ ಬಿಡದೆ ಗೆರೆ ಹಾಕಿದ್ದರು. ಆಯಮ್ಮ ಕನ್ನಡಕ ಏರಿಸಿಕೊಂಡು ಕೊನೆಯ ತಾರೀಖನ್ನು ಓದಿಕೊಂಡರು. "ಸುಣ್ಣ ಹೊಡೆಸುವಾಗ ಇದೊಂದು ಜಾಗ ಬಿಡಿಸ್ತೀನಿ" ಎಂದು ಹೇಳಿ, ನೆಲದ ಮೇಲೆ ಬಿದ್ದಿದ್ದ ಸೀಮೆಸುಣ್ಣದ ತುಂಡನ್ನು ಎತ್ತಿ ಮೀಟರ್ ಪೆಟ್ಟಿಗೆಯ ಮೇಲಿಟ್ಟರು.